ಇಂಗ್ಲಿಷ್ ತರಗತಿಯ ಸಾಹಿತ್ಯ ಪರಿಭಾಷೆ: ಪುನರಾವರ್ತನೆಯನ್ನು ಎಲ್ಲಿಂದ ಆರಂಭಿಸಬೇಕು?

ಇಂಗ್ಲಿಷ್ ತರಗತಿಯ ಸಾಹಿತ್ಯ ಪರಿಭಾಷೆಯನ್ನು ಮತ್ತೊಮ್ಮೆ ಓದಿಕೊಳ್ಳಲು ಕುಳಿತವರು ಸಾಮಾನ್ಯವಾಗಿ ಒಂದು ಪಟ್ಟಿಯನ್ನು ಮುಂದಿಟ್ಟುಕೊಂಡು, ಎಡಗಡೆಯ ಪದವನ್ನೂ ಬಲಗಡೆಯ ವ್ಯಾಖ್ಯೆಯನ್ನೂ ಮೇಲಿನಿಂದ ಕೆಳಗಿನವರೆಗೆ ಓದುತ್ತ ಹೋಗುತ್ತಾರೆ. ಪರೀಕ್ಷೆಯ ಬೆಲೆಯುಳ್ಳ ಪ್ರಶ್ನೆಗಳು ಬರುವುದು ಇದಕ್ಕೆ ವಿರುದ್ಧ ದಿಕ್ಕಿನಿಂದ. ಎಂದೂ ಕಂಡಿರದ ಕೆಲವು ಸಾಲುಗಳನ್ನು ಕೊಟ್ಟು, ಕವಿ ಇಲ್ಲಿ ಏನು ಮಾಡಿದ್ದಾನೆ, ಅದರಿಂದ ಅರ್ಥಕ್ಕೆ ಏನು ಸೇರಿತು ಎಂದು ಅವು ಕೇಳುತ್ತವೆ. ಆದ್ದರಿಂದ ಸಾಲನ್ನು ಮೊದಲು ಓದಿ, ಅದಕ್ಕೆ ತಕ್ಕ ಪದವನ್ನು ನೆನಪಿನಿಂದ ಹುಡುಕಿ ತೆಗೆಯುವ ಅಭ್ಯಾಸವೇ ಸರಿಯಾದ ಪುನರಾವರ್ತನೆ ಎಂದು ನಾನು ಭಾವಿಸುತ್ತೇನೆ.

ನೆನಪಿನ ಕುರಿತ ಸಂಶೋಧನೆಯೂ ಇದನ್ನೇ ಹೇಳುತ್ತದೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಠ್ಯವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು 5 ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಆದರೆ ಒಂದು ವಾರದ ನಂತರ, ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆದವರೇ ಹೆಚ್ಚು ಉಳಿಸಿಕೊಂಡಿದ್ದರು. ಮತ್ತೆ ಓದುವಾಗ ಎಲ್ಲವೂ ಪರಿಚಿತವೆನಿಸುತ್ತದೆ, ಆ ಪರಿಚಯವನ್ನೇ ನಾವು ತಿಳಿವಳಿಕೆ ಎಂದುಕೊಳ್ಳುತ್ತೇವೆ.

ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್ (ನಿರ್ಜೀವಕ್ಕೆ ಮನುಷ್ಯಗುಣ ಕೊಡುವುದು), ಅಲಿಟರೇಶನ್ ಇಂಥವುಗಳ ಮೇಲೆ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ. ಉಪಮೆ, ರೂಪಕ, ಅನುಪ್ರಾಸಗಳನ್ನು ಬಲ್ಲವರಿಗೆ ಅವು ಹೊಸತಲ್ಲ. ತೊಡಕಾಗುವುದು ಒಂದನ್ನೊಂದು ಹೋಲುವ ಜೋಡಿಗಳಲ್ಲಿ. ಟೋನ್ ಎಂಬುದು ವಿಷಯದ ಬಗ್ಗೆ ಬರೆಯುವವನ ಧೋರಣೆ, ಮೂಡ್ ಎಂಬುದು ಓದುವವನಲ್ಲಿ ಹುಟ್ಟುವ ಭಾವ. ಸಾವನ್ನು ಅಣಕದ ಧಾಟಿಯಲ್ಲಿ ವರ್ಣಿಸಿದ ಭಾಗವೊಂದು ಓದುಗನನ್ನು ನಡುಗಿಸಿದರೆ ಎರಡೂ ಬೇರೆಬೇರೆಯಾಗಿರುವುದು ಕಣ್ಣಿಗೆ ಕಾಣುತ್ತದೆ. ಅರಸೊತ್ತಿಗೆಯನ್ನು ಕಿರೀಟವೆಂದು ಕರೆದರೆ ಮೆಟಾನಮಿ, ಕೆಲಸಗಾರರನ್ನು ಕೈಗಳೆಂದು ಕರೆದರೆ ಸಿನೆಕ್ಡಕಿ: ಕಿರೀಟ ಅರಸನಿಗೆ ಸಂಬಂಧಪಟ್ಟ ವಸ್ತು, ಕೈಯಾದರೋ ಕೆಲಸಗಾರನ ಅಂಗ.

ಐರನಿಯ ಬಗ್ಗೆ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ದುರದೃಷ್ಟವನ್ನೆಲ್ಲ ಐರನಿ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಮದುವೆಯ ದಿನ ಮಳೆ ಬಂದರೆ ಅದು ಮಳೆ, ಅಷ್ಟೆ. ಮಾತಿಗೂ ಉದ್ದೇಶಕ್ಕೂ ನಡುವೆ ಅಂತರವಿದ್ದರೆ ವರ್ಬಲ್ ಐರನಿ; ನಿರೀಕ್ಷೆಗೆ ತದ್ವಿರುದ್ಧವಾದದ್ದು ನಡೆದರೆ ಸಿಚುಯೇಶನಲ್; ಪಾತ್ರಕ್ಕೆ ತಿಳಿಯದ್ದು ಪ್ರೇಕ್ಷಕನಿಗೆ ತಿಳಿದಿದ್ದರೆ ಡ್ರಮಾಟಿಕ್. ಪ್ರಾಚೀನ ಗ್ರೀಕ್ ನಾಟಕಕಾರ ಸಾಫೊಕ್ಲಿಸ್‌ನ ನಾಟಕದಲ್ಲಿ ಈಡಿಪಸ್ ಹಿಂದಿನ ರಾಜನ ಕೊಲೆಗಾರನನ್ನು ಶಪಿಸುವಾಗ, ಆ ಕೊಲೆಗಾರ ಅವನೇ ಎಂಬುದು ಕಥೆ ಬಲ್ಲ ಪ್ರೇಕ್ಷಕರಿಗೆಲ್ಲ ಗೊತ್ತು. ಈ ಸಂದರ್ಭದಲ್ಲಿ ಯಾರಿಗೆ ಏನು ಗೊತ್ತಿದೆ ಎಂದು ಕೇಳಿಕೊಂಡರೆ ಹೆಚ್ಚಿನ ಗೊಂದಲ ಅಲ್ಲಿಯೇ ಬಗೆಹರಿಯುತ್ತದೆ.

ಪರಿಭಾಷೆಯ ನಿಜವಾದ ಉಪಯೋಗ ಸಾನೆಟ್ (ಸುನೀತ) ಓದುವಾಗ ತಿಳಿಯುತ್ತದೆ. ಹದಿನಾಲ್ಕು ಸಾಲು, ಐಯಾಂಬಿಕ್ ಪೆಂಟಾಮೀಟರ್ (ಒತ್ತಿಲ್ಲದ, ಒತ್ತುಳ್ಳ ಉಚ್ಚಾರಾಂಶಗಳ ಐದು ಜೋಡಿಗಳ ಸಾಲು) ಎಂದು ಬರೆದು ನಿಲ್ಲಿಸಿದರೆ ಕವಿತೆಯ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಆದರೆ ಇಟಲಿಯ ಕವಿ ಪೆಟ್ರಾರ್ಕನ ಮಾದರಿಯಲ್ಲಿ ಮೊದಲ 8 ಸಾಲುಗಳ ಬಳಿಕ ಯೋಚನೆ ತಿರುವು ಪಡೆಯುತ್ತದೆ, ಅದಕ್ಕೆ ವೋಲ್ಟಾ ಎಂದು ಹೆಸರು. ಶೇಕ್ಸ್‌ಪಿಯರನ ಮಾದರಿಯಲ್ಲಿ ಮೂರು ಚೌಪದಿಗಳಾದ ಮೇಲೆ ಕೊನೆಯ ದ್ವಿಪದಿಯಲ್ಲಿ ಹಲವು ಬಾರಿ ಆ ಕೆಲಸ ನಡೆಯುತ್ತದೆ ಎಂದು ತಿಳಿದಿರುವವನು, ಕವಿತೆಯನ್ನು ಕೈಗೆತ್ತಿಕೊಂಡ ಕೂಡಲೇ ಎಲ್ಲಿ ನಿಂತು ನೋಡಬೇಕೆಂದು ಬಲ್ಲ. ಲಯವೂ ಹಾಗೆಯೇ. ಲಘು-ಗುರುವಿನಂತೆ ಸಾಗುತ್ತಿದ್ದ ಒತ್ತಿನ ನಡೆ ಒಂದು ಸಾಲಿನ ಆರಂಭದಲ್ಲೇ ಮುರಿದಿದ್ದರೆ, ಆ ಪದದ ಮೇಲೆ ಕವಿ ಒತ್ತು ಹಾಕಿದ್ದಾನೆಯೇ ಎಂದು ಪರಿಶೀಲಿಸಬೇಕು. ಆ ಅವಲೋಕನವೇ ಉತ್ತರದ ತಿರುಳು. ಅಂದಹಾಗೆ, ಕೆಲವು ಪದಗಳಿಗೆ ಅವು ಹೊರಬೇಕಾಗಿಲ್ಲದ ನಿಂದೆಯ ಛಾಯೆಯೂ ಅಂಟಿಕೊಳ್ಳುತ್ತದೆ. ಫ್ಲ್ಯಾಟ್ (ಒಂದೇ ಗುಣದ ಸುತ್ತ ಕಟ್ಟಿದ), ರೌಂಡ್ (ಹಲವು ಮುಖಗಳುಳ್ಳ) ಎಂದು ಪಾತ್ರಗಳನ್ನು 1927ರಲ್ಲಿ ವಿಂಗಡಿಸಿದ ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್, ಡಿಕನ್ಸನ ಬಹುಪಾಲು ಪಾತ್ರಗಳು ಫ್ಲ್ಯಾಟ್ ಎಂದರೂ ಅವುಗಳ ಜೀವಂತಿಕೆಯನ್ನು ಮೆಚ್ಚಿದ್ದರು.

ಶಬ್ದಸಂಪತ್ತಿನ ಪುನರಾವರ್ತನೆಗೂ ಇದೇ ಕ್ರಮ ಸಲ್ಲುತ್ತದೆ. ಒಂದು ಪದದ ಎದುರು ಒಂದೇ ಅರ್ಥ ಬರೆದುಕೊಳ್ಳುವ ಬದಲು, ಅದು ಬಂದ ವಾಕ್ಯವನ್ನೇ ಬರೆದುಕೊಂಡು ಪದದ ಜಾಗ ಖಾಲಿ ಬಿಡುವುದು ಹೆಚ್ಚು ಫಲಕಾರಿ. ಸ್ಲೆಂಡರ್, ಸ್ಕಿನ್ನಿ ಎರಡಕ್ಕೂ ನಿಘಂಟು ತೆಳ್ಳಗಿನ ಎಂದೇ ಹೇಳಬಹುದು. ಮೊದಲನೆಯದು ಮೆಚ್ಚುಗೆ, ಎರಡನೆಯದು ಹಲವೊಮ್ಮೆ ಟೀಕೆ ಎಂಬುದನ್ನು ವಾಕ್ಯ ಮಾತ್ರ ಕಲಿಸುತ್ತದೆ. ಲ್ಯಾಟಿನ್ ಮೂಲಗಳು ನೆರವಾಗುತ್ತವೆ: ಬೆನೆ ಎಂದರೆ ಒಳಿತು, ಮಲೆ ಎಂದರೆ ಕೆಡುಕು ಎಂದು ತಿಳಿದವರು ಬೆನೆವೊಲೆಂಟ್, ಮಲೆವೊಲೆಂಟ್ ಎರಡನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಅಷ್ಟಾದರೂ ಮೂಲವನ್ನು ಅತಿಯಾಗಿ ನಂಬಬಾರದು, ಏಕೆಂದರೆ ಶತಮಾನಗಳ ಬಳಕೆಯಲ್ಲಿ ಅನೇಕ ಪದಗಳು ತಮ್ಮ ಮೂಲಾರ್ಥದಿಂದ ಬಹುದೂರ ಸಾಗಿವೆ. ಅಂಥವನ್ನು ಪ್ರತ್ಯೇಕವಾಗಿ ಗುರುತಿಸಿಟ್ಟುಕೊಂಡು, ಒಂದೇ ರಾತ್ರಿಯಲ್ಲಿ ಮುಗಿಸದೆ, ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುವುದು ಉತ್ತಮ.