ಮುಖಾನೇ ಕಾಣಲ್ಲ, ಯಾವ ರಾಜಂದು ಅಂತ ಹೇಗೆ ಹೇಳ್ತೀಯಾ?

ನನ್ನ ಹತ್ತಿರ ಹಳೆಯ ರೋಮನ್ ನಾಣ್ಯಗಳಿವೆ. ಚಿನ್ನ, ಬೆಳ್ಳಿ ಅಂತ ಕನಸು ಕಾಣಬೇಡಿ. ಎಲ್ಲ ಸವೆದ ತಾಮ್ರದ ಬಿಲ್ಲೆಗಳು. ನೋಡಿದವರೆಲ್ಲ ಮೇಲಿನ ಪ್ರಶ್ನೆ ಕೇಳುತ್ತಾರೆ. ಕೆಲವರು "ಸುಮ್ನೆ ಬಾಯಿಗೆ ಬಂದ ಹೆಸರು ಹೇಳ್ತೀಯಾ, ಅಲ್ವಾ?" ಅಂತ ಬೇರೆ ಸೇರಿಸುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಮೊದಲು ಮುಖ ನೋಡುವುದೇ ಇಲ್ಲ. ನಾಣ್ಯ ತಿರುಗಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯುತ್ತೇನೆ. ಓರೆ ಬೆಳಕಿನಲ್ಲಿ ಕೂದಲೆಳೆಯಷ್ಟು ಉಬ್ಬು ಉಳಿದಿದ್ದರೂ ನೆರಳು ಬೀಳುತ್ತದೆ. ಹಿಂಬದಿಯ ಚಿತ್ರದಿಂದ ಕಾಲ ಗೊತ್ತಾಗುತ್ತದೆ, ಕಾಲ ಗೊತ್ತಾದರೆ ಯಾವ ರಾಜರಿರಬಹುದು ಅನ್ನುವ ಪಟ್ಟಿ ಚಿಕ್ಕದಾಗುತ್ತದೆ. ಇಬ್ಬರು ಸೈನಿಕರು, ನಡುವೆ ಎರಡು ಧ್ವಜ ಕಂಡರೆ ಕ್ರಿ.ಶ. 330ರಿಂದ 335ರ ನಡುವಿನದು. ಒಂದೇ ಧ್ವಜವಿದ್ದರೆ ಅದರ ನಂತರದ್ದು, ಗಾತ್ರವೂ ಚಿಕ್ಕದು. ಕುದುರೆಯಿಂದ ಬೀಳುತ್ತಿರುವವನನ್ನು ಸೈನಿಕ ಈಟಿಯಿಂದ ತಿವಿಯುತ್ತಿದ್ದರೆ 348ರ ಈಚಿನದು. 330ರ ದಶಕದ ನಾಣ್ಯದಲ್ಲಿ ಎರಡು ಮಕ್ಕಳಿಗೆ ಹಾಲು ಕುಡಿಸುವ ತೋಳ ಇದ್ದರಂತೂ ಸಾಮಾನ್ಯವಾಗಿ ಮುಂಬದಿಯಲ್ಲಿ ರಾಜನೇ ಇರುವುದಿಲ್ಲ, ಶಿರಸ್ತ್ರಾಣ ತೊಟ್ಟ ರೋಮಾ ದೇವಿ ಇರುತ್ತಾಳೆ. ಕೆಳಗೆ ಗೆರೆಯ ಅಡಿಯಲ್ಲಿ 'ಎಸ್‌ಎಂಕೆ' ಅಂತ ಉಳಿದಿದ್ದರೆ ಸಿಜಿಕಸ್ ಟಂಕಸಾಲೆ, 'ಎಸ್‌ಎಂಎನ್' ಆದರೆ ನಿಕೋಮಿಡಿಯ.

ಮುಖ ಕಂಡರೆ ಎಲ್ಲ ಸುಲಭ ಅಂದುಕೊಂಡಿದ್ದೀರಾ? ಕಾನ್‌ಸ್ಟಂಟೈನ್ ಚಕ್ರವರ್ತಿಯ ಮಕ್ಕಳಿಗೆ ಟಂಕಸಾಲೆಯವರು ಹೆಚ್ಚುಕಡಿಮೆ ಒಂದೇ ಮುಖ ಕೆತ್ತಿದ್ದಾರೆ. ಒಬ್ಬ ಕಾನ್‌ಸ್ಟಾಂಟಿನುಸ್, ಇನ್ನೊಬ್ಬ ಕಾನ್‌ಸ್ಟಾಂಟಿಯುಸ್. ಹೆಸರಿನ ನಡುವಿನ ಒಂದೆರಡು ಅಕ್ಷರ ಸವೆದರೆ ಮುಗಿಯಿತು, ಮೂಗು ಎಷ್ಟು ಚೆನ್ನಾಗಿದ್ದರೂ ಅಣ್ಣ ಯಾರು, ತಮ್ಮ ಯಾರು ಗೊತ್ತಾಗಲ್ಲ. ಆಗ "ಇಬ್ಬರಲ್ಲಿ ಒಬ್ಬ" ಅಂತ ಬರೆದಿಡುತ್ತೇನೆ. ಅದು ಸೋಲಲ್ಲ ಸ್ವಾಮಿ, ಅದೇ ಸರಿಯಾದ ಉತ್ತರ.

ಇದನ್ನು ದೊಡ್ಡಮ್ಮನಿಗೆ ಹೇಳಿ ನೋಡಿ. ಹಬ್ಬಕ್ಕೆ ಬಂದವರು "ಯಾವ ರಾಜಂದೋ ಇದು?" ಅಂದರು. "ಗೊತ್ತಾಗ್ತಿಲ್ಲ ದೊಡ್ಡಮ್ಮ, ನೋಡ್ತಾ ಇದೀನಿ" ಅಂದೆ. ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ ದೇವರ ತಾಮ್ರದ ಚೊಂಬಿನ ಜೊತೆ ಅದಕ್ಕೂ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. "ಕೊಳೆ ಹೋದ್ರೆ ಮುಖ ಕಾಣುತ್ತೆ ಕಣೋ!" ಮುಖ ಕಾಣಲಿಲ್ಲ. ಇದ್ದ ಸೈನಿಕರೂ ಹೋದರು. ಅವರು ಕೊಳೆ ಅಂದುಕೊಂಡ ಆ ಹಸಿರು ಪದರದಲ್ಲೇ ಅಷ್ಟೋ ಇಷ್ಟೋ ಚಿತ್ರ ಉಳಿದಿತ್ತು, ಅಡಿಯಲ್ಲಿದ್ದ ತಾಮ್ರ ಎಂದೋ ತಿಂದುಹೋಗಿತ್ತು. ಪಳಪಳ ಹೊಳೆಯುವ ನುಣ್ಣನೆ ಬಿಲ್ಲೆ ಕೈಗಿಟ್ಟು "ಈಗ ನೋಡು" ಅಂದರು. ಹೋಳಿಗೆ ಮಾಡಿದ ಕೈ, ಏನು ಹೇಳೋದು?

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಇದು ಹೇಗೆ ಸವೆಯಿತು? ಕೈಯಿಂದ ಕೈಗೆ ಓಡಾಡಿ ಸವೆದಿದ್ದರೆ ಕೆನ್ನೆ, ಕಿವಿಯ ಮೇಲಿನ ಕೂದಲು, ಹೀಗೆ ಉಬ್ಬಿದ ಭಾಗ ಮೊದಲು ಹೋಗುತ್ತದೆ. ಮಣ್ಣು ತಿಂದಿದ್ದರೆ ಉಬ್ಬು ತಗ್ಗು ಅನ್ನದೆ ಎಲ್ಲ ಕಡೆ ಗುಳಿ. ಅಚ್ಚೇ ಸವೆದಿದ್ದರೆ ನಾಣ್ಯ ಹುಟ್ಟುವಾಗಲೇ ಮಸುಕು. ಮೂರೂ ದೂರದಿಂದ ಒಂದೇ ಥರ ಕಾಣುತ್ತವೆ, ಆದರೆ ಮೂರರ ಕಥೆ ಬೇರೆ.

ಈ ಪ್ರಶ್ನೆಯ ಬೆಲೆ ಗೊತ್ತಾಗಬೇಕಾದರೆ ತಮಿಳುನಾಡಿನ ಕರೂರು, ಮಧುರೆ ಕಡೆ ಮತ್ತು ಶ್ರೀಲಂಕಾದಲ್ಲಿ ಸಿಕ್ಕಿರುವ ನಾಲ್ಕು, ಐದನೇ ಶತಮಾನದ ರೋಮನ್ ತಾಮ್ರದ ನಾಣ್ಯಗಳನ್ನು ನೋಡಬೇಕು. ಎಷ್ಟೋ ನಾಣ್ಯಗಳು ಪೂರ್ತಿ ನುಣ್ಣಗಾಗಿವೆ. ಅಂದರೆ ಅವು ಪೆಟ್ಟಿಗೆಯಲ್ಲಿ ಕೂರಲಿಲ್ಲ, ಚಿಲ್ಲರೆಯಾಗಿ ಓಡಾಡಿದವು. ಸಾಲದೆ ಬಂದಿತೋ ಏನೋ, ಅದೇ ಥರದ್ದನ್ನು ಶ್ರೀಲಂಕಾ ಕಡೆಯವರು ತಾವೇ ಮಾಡಿಕೊಂಡರು. ಅವುಗಳ ಮೇಲಿನ ಅಕ್ಷರ ಬರೀ ಗೀಟು. ಜಾಸ್ತಿ ಸವೆದ ಮೇಲೆ ರೋಮಿನ ಅಸಲಿ ಯಾವುದು, ಶ್ರೀಲಂಕಾದಲ್ಲಿ ಮಾಡಿದ್ದು ಯಾವುದು ಅಂತ ಬೇರ್ಪಡಿಸುವುದು ಪರಿಣತರಿಗೂ ಕಷ್ಟ. ಆಗಿನ ವ್ಯಾಪಾರಿಗಳು ಅದಕ್ಕೆ ತಲೆ ಕೆಡಿಸಿಕೊಂಡಂತೆ ಕಾಣಲ್ಲ. ಎರಡೂ ಒಂದೇ ರಾಶಿಯಲ್ಲಿ ಸಿಕ್ಕಿವೆ.