30,000 ರೂಪಾಯಿಯೊಳಗೆ ಒಂದು ಕೀ ಕೊಡುವ ಕ್ರೋನೋಗ್ರಾಫ್

22 ಜೂನ್ 2025, ಭಾನುವಾರ
ಸೋಮವಾರಪೇಟೆ

ವಾಚಿನ ವಿಷಯ ಇವತ್ತು ತೀರ್ಮಾನವಾಯಿತು. ಹೊಸದನ್ನೇ ತೆಗೆದುಕೊಳ್ಳುತ್ತೇನೆ. ದಿನಾ ಕೈಯಲ್ಲಿ ಕೀ ಕೊಡುವಂಥದ್ದು, ಒಳಗೆ ಚೀನಾದ ಸೀಗಲ್ ಕಂಪನಿಯ ಎಸ್‌ಟಿ19 ಮೆಷಿನ್ ಇರುವಂಥದ್ದು. ಮೆಣಸು ಮಾರಿದ ದುಡ್ಡಿನಲ್ಲಿ 30,000 ರೂಪಾಯಿ ಇದಕ್ಕೆ ಅಂತ ಎತ್ತಿಟ್ಟಿದ್ದೆ. ಅದರಲ್ಲಿ 5,000 ಮುಟ್ಟುವ ಹಾಗಿಲ್ಲ, ಅದು ಸರ್ವಿಸ್‌ನ ದುಡ್ಡು. ಉಳಿದ 25,000ದಲ್ಲಿ ವಾಚು, ಕಳಿಸುವ ಖರ್ಚು, ಕಸ್ಟಮ್ಸ್ ಸುಂಕ, ಜಿಎಸ್‌ಟಿ ಎಲ್ಲ ಮುಗಿಯಬೇಕು. ನನ್ನ ಹಾಗೆ ಕೈಯಲ್ಲಿರುವ ದುಡ್ಡು ಎಣಿಸಿಕೊಂಡು ಹುಡುಕುತ್ತಿರುವವರಿಗೆ ಉಪಯೋಗಕ್ಕೆ ಬರಲಿ ಅಂತ ಎಲ್ಲವನ್ನೂ ಬರೆದಿಡುತ್ತೇನೆ. ಮಳೆ ಬಿಟ್ಟಿಲ್ಲ, ಶಾಲೆಯ ಮಕ್ಕಳ ಹಾಕಿ ಪ್ರಾಕ್ಟೀಸೂ ಇಲ್ಲ. ಕೂತು ಬರೆಯೋಕೆ ಹೊತ್ತಿದೆ.

ಕ್ರೋನೋಗ್ರಾಫ್ ಅಂದರೆ ಟೈಮ್ ತೋರಿಸುವುದರ ಜೊತೆಗೆ ಸ್ಟಾಪ್‌ವಾಚೂ ಇರುವ ವಾಚು. ಬಲಗಡೆ ಕೀ ತಿರುಗಿಸುವ ತಿರುಪಿನ ಮೇಲೊಂದು, ಕೆಳಗೊಂದು ಬಟನ್. ಮೇಲಿನದನ್ನು ಒತ್ತಿದರೆ ನಡುವಿನ ಉದ್ದದ ಮುಳ್ಳು ಓಡುತ್ತದೆ, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದು ಒತ್ತಿದರೆ ಮುಳ್ಳು ಹನ್ನೆರಡಕ್ಕೆ ವಾಪಸ್. ಕಳೆದ ನಿಮಿಷಗಳನ್ನು ಪಕ್ಕದ ಪುಟ್ಟ ಡಯಲ್ ಎಣಿಸುತ್ತದೆ.

ಫೋನಿನಲ್ಲೇ ಸ್ಟಾಪ್‌ವಾಚ್ ಇದೆಯಲ್ಲ ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಇದೆ. ಆದರೆ ಬಾಯಲ್ಲಿ ಸೀಟಿ, ಕಣ್ಣು ಬಾಲ್ ಮೇಲೆ ಇರುವಾಗ ಫೋನಿನ ಪರದೆ ಹುಡುಕೋಕಾಗಲ್ಲ. ಬಟನ್ ಆದರೆ ನೋಡದೆಯೇ ಬೆರಳಿಗೆ ಸಿಗುತ್ತದೆ, ಒತ್ತಿದ್ದು ಗೊತ್ತಾಗುತ್ತದೆ. ಹಾಕಿಯಲ್ಲಿ ಒಂದು ಕ್ವಾರ್ಟರ್ 15 ನಿಮಿಷ. 30 ನಿಮಿಷ ಎಣಿಸುವ ಪುಟ್ಟ ಡಯಲ್ ಇದ್ದರೆ ಕ್ವಾರ್ಟರ್ ಮುಗಿಯುವಾಗ ಅದರ ಮುಳ್ಳು ಸರಿಯಾಗಿ ಕೆಳಗೆ ತೂಗಾಡುತ್ತಿರುತ್ತದೆ. ಒಂದು ನೋಟಕ್ಕೆ ಸಾಕು. ಗ್ರೀನ್ ಕಾರ್ಡಿಗೆ 2 ನಿಮಿಷ ಹೊರಗೆ, ಯೆಲ್ಲೋ ಕಾರ್ಡಿಗೆ ಕಡಿಮೆ ಅಂದರೂ 5. ಇದನ್ನೆಲ್ಲ ಅಲ್ಲೇ ಎಣಿಸಬಹುದು.

ಇನ್ನೊಂದು ಕಾರಣ ಗುಡುಗು. ನಮ್ಮ ಜಿಲ್ಲೆಯಲ್ಲಿ ಹಾಕಿ ಸೀಸನ್ನೂ ಸಿಡಿಲಿನ ಸೀಸನ್ನೂ ಒಂದೇ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಿಂದ ಹಿಡಿದು ನಮ್ಮ ಶಾಲೆಯ ಬೇಸಿಗೆ ಕ್ಯಾಂಪಿನ ತನಕ ಎಲ್ಲ ನಡೆಯುವುದು ಬೇಸಿಗೆಯಲ್ಲಿ, ಹೆಚ್ಚಾಗಿ ಏಪ್ರಿಲ್, ಮೇ ತಿಂಗಳಲ್ಲಿ. ಮಧ್ಯಾಹ್ನ ಮೂರು ದಾಟಿದರೆ ಪುಷ್ಪಗಿರಿ ಕಡೆ ಕಪ್ಪಾಗುತ್ತದೆ. ಶಬ್ದ ಒಂದು ಕಿಲೋಮೀಟರ್ ಬರೋಕೆ ಸುಮಾರು 3 ಸೆಕೆಂಡ್ ತೆಗೆದುಕೊಳ್ಳುತ್ತದೆ. ಮಿಂಚು ಕಂಡಾಗ ಬಟನ್ ಒತ್ತಿ, ಗುಡುಗು ಕೇಳಿದಾಗ ನಿಲ್ಲಿಸಿ, ಬಂದ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ದೂರ ಅಂತ ಗೊತ್ತಾಗುತ್ತದೆ. 30 ಸೆಕೆಂಡಿನೊಳಗೆ ಗುಡುಗು ಬಂತು ಅಂದರೆ ಮಕ್ಕಳನ್ನು ಕಟ್ಟಡದೊಳಗೆ ಕಳಿಸಬೇಕು. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಮೈದಾನಕ್ಕೆ ಬಿಡಬಾರದು. ಆ 30 ನಿಮಿಷ ಎಣಿಸೋಕೂ ಅದೇ ಪುಟ್ಟ ಡಯಲ್ ಸಾಕು. ಮಕ್ಕಳು ಎರಡು ನಿಮಿಷಕ್ಕೊಮ್ಮೆ ‘ಸಾರ್, ಹೋಗೋಣ್ವಾ’ ಅಂತ ಪೀಡಿಸುವಾಗ ಅವರಿಗೇ ಮುಳ್ಳು ತೋರಿಸಿಬಿಡಬಹುದು.

ಡಯಲ್ ಅಂಚಿನಲ್ಲಿ ಬರುವ ಟ್ಯಾಕಿಮೀಟರ್ ಅಂಕಿಗಳಿಗೆ ಮಾತ್ರ ಇಲ್ಲಿ ದುಡ್ಡು ಕೊಡಬೇಡಿ. ಒಂದು ಕಿಲೋಮೀಟರ್ ಹೋಗೋಕೆ ಎಷ್ಟು ಸೆಕೆಂಡ್ ಆಯಿತೋ ಅದರಿಂದ 3600ನ್ನು ಭಾಗಿಸಿದರೆ ಗಂಟೆಗೆ ಎಷ್ಟು ವೇಗ ಅಂತ ಬರುತ್ತದೆ. 30 ಸೆಕೆಂಡಿಗೆ 120, ಪೂರ್ತಿ 60 ಸೆಕೆಂಡಿಗೆ 60. ಸಾಮಾನ್ಯವಾಗಿ ಅಂಕಿಗಳು ಅಲ್ಲಿಗೇ ಮುಗಿಯುತ್ತವೆ. ಮಾದಾಪುರದ ಮೇಲೆ ಮಡಿಕೇರಿಗೆ ಹೋಗುವ ರಸ್ತೆಯಲ್ಲಿ 40ರಲ್ಲಿ ಹೋದರೆ ಒಂದು ಕಿಲೋಮೀಟರಿಗೆ 90 ಸೆಕೆಂಡ್ ಬೇಕು. ನಮ್ಮ ತಿರುವುಗಳಿಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ.

ಈಗ ದುಡ್ಡಿನ ವಿಷಯ. ಸ್ವಿಸ್ ಕಂಪನಿಗಳ ಆಟೋಮ್ಯಾಟಿಕ್, ಅಂದರೆ ಕೈಯಾಡಿದಾಗ ತಾನೇ ಕೀ ಆಗುವ ಕ್ರೋನೋಗ್ರಾಫ್‌ಗಳಲ್ಲಿ ತುಂಬ ಕಡೆ ಸಿಗುವುದು 1970ರ ದಶಕದ ವಾಲ್ಜೂ 7750 ಮೆಷಿನ್, ಇಲ್ಲವೇ ಅದರಿಂದ ಹುಟ್ಟಿದ್ದು. ಗಟ್ಟಿಮುಟ್ಟು, ಬಿಡಿಭಾಗ ಸಿಗುತ್ತದೆ, ಒಳ್ಳೆಯ ಮೆಷಿನ್. ಆದರೆ ಹೊಸದು ಲಕ್ಷ ದಾಟುತ್ತದೆ. ಅಲ್ಲಿಗೆ ಆ ಮಾತು ಮುಗಿಯಿತು.

ಇನ್ನೊಂದು ಕಡೆ ಆನ್‌ಲೈನಿನಲ್ಲಿ ನಾಲ್ಕೈದು ಸಾವಿರಕ್ಕೆ ‘ಆಟೋಮ್ಯಾಟಿಕ್ ಕ್ರೋನೋಗ್ರಾಫ್’ ಅಂತ ಮಾರುತ್ತಾರೆ. ನೋಡೋಕೆ ಮೂರು ಪುಟ್ಟ ಡಯಲ್, ಎರಡು ಬಟನ್, ಎಲ್ಲ ಇರುತ್ತದೆ. ಆ ಡಯಲ್‌ಗಳು ತೋರಿಸುವುದು ವಾರ, ತಾರೀಕು, ತಿಂಗಳು. ಬಟನ್ ಒತ್ತಿದರೆ ತಾರೀಕು ಒಂದು ಮನೆ ಮುಂದೆ ಹೋಗುತ್ತದೆ ಅಷ್ಟೇ. ಅದರಲ್ಲಿ ಸ್ಟಾಪ್‌ವಾಚೇ ಇಲ್ಲ. ಈ ಬೆಲೆಗೆ ನಿಜವಾದ ಮೆಕ್ಯಾನಿಕಲ್ ಕ್ರೋನೋಗ್ರಾಫ್ ಹೊಸದು ಬರೋದಿಲ್ಲ. ಪಾಪ, ಎಷ್ಟೋ ಹುಡುಗರು ಮೊದಲ ಸಂಬಳದಲ್ಲಿ ಇದನ್ನು ತರಿಸಿಕೊಳ್ಳುತ್ತಾರೆ. ಅದಕ್ಕೇ ಒತ್ತಿ ಹೇಳುತ್ತಿದ್ದೇನೆ: ನಡುವಿನ ಮುಳ್ಳು ಓಡುವ ವಿಡಿಯೋ ನೋಡದೆ ದುಡ್ಡು ಕಳಿಸಬೇಡಿ.

ಹಳೆಯದರ ಆಸೆ ನನಗೆ ಜಾಸ್ತಿಯೇ ಇತ್ತು. ಜಪಾನಿನ ಸೀಕೋ 6139 ಹೊರಬಂದದ್ದು 1969ರಲ್ಲಿ. ಕ್ರೋನೋಗ್ರಾಫ್‌ನಲ್ಲಿ ಆಟೋಮ್ಯಾಟಿಕ್ ಮೊದಲು ಯಾರದು ಅಂತ ಝೆನಿತ್, ಹೋಯರ್ ಮತ್ತು ಬ್ರೈಟ್ಲಿಂಗ್ ಗುಂಪು, ಸೀಕೋ ಮೂರೂ ಪೈಪೋಟಿ ನಡೆಸಿದ ವರ್ಷ ಅದು. ಗಗನಯಾತ್ರಿ ವಿಲಿಯಂ ಪೋಗ್ 1973ರಲ್ಲಿ ಸ್ಕೈಲ್ಯಾಬ್‌ಗೆ ಹೋದಾಗ ಕೈಯಲ್ಲಿದ್ದದ್ದು ಈ ಹಳದಿ ಡಯಲಿನ ಸೀಕೋನೇ. ರಷ್ಯಾದ ಪೋಲ್ಯೋಟ್ 3133 ಕೂಡ ಚೆಂದ. ಮಾಸ್ಕೋದ ಕಾರ್ಖಾನೆಯವರು ಸ್ವಿಸ್ ವಾಲ್ಜೂ 7734ನ ಆಧಾರದ ಮೇಲೆ ಮಾಡಿದ ಕೀ ಕೊಡುವ ಮೆಷಿನ್ ಅದು. ಎರಡೂ ನನ್ನ ಬಜೆಟ್ಟಿನೊಳಗೆ ಕಾಣಿಸುತ್ತವೆ.

ಆದರೆ ಫೋಟೋ ದೊಡ್ಡದು ಮಾಡಿ ನೋಡಬೇಕು. ಐವತ್ತು ವರ್ಷದ ವಾಚಿನ ಡಯಲ್ ನಿನ್ನೆ ಬಣ್ಣ ಹಚ್ಚಿದಷ್ಟು ಹೊಸದಾಗಿದ್ದರೆ, ನಿಜವಾಗಿಯೂ ನಿನ್ನೆಯೇ ಬಣ್ಣ ಹಚ್ಚಿರುತ್ತಾರೆ. ಅಕ್ಷರದ ಅಂಚು ದಪ್ಪ, ಪುಟ್ಟ ಡಯಲಿನ ಗೆರೆಗಳು ಸೊಟ್ಟ. ಒಂದು ವಾಚಿನ ಮೆಷಿನ್, ಇನ್ನೊಂದರ ಮುಳ್ಳು, ಮತ್ತೊಂದರ ಕೇಸ್. ಅದೂ ಹೋಗಲಿ ಅಂದರೆ ನಮ್ಮ ಮಳೆಗಾಲ ಇದೆ. ಕ್ಯಾಮರಾ ಲೆನ್ಸಿಗೆ ಬೂಷ್ಟು ಹಿಡಿಯುವ ಊರಿದು. ಒಣಗಿದ ವಾಷರಿನ ಹಳೆಯ ವಾಚಿಗೆ ಜುಲೈ ತಿಂಗಳ ತೇವ ಹೊಕ್ಕರೆ ಸ್ಟೀಲಿನ ಭಾಗಗಳಿಗೆ ತುಕ್ಕು ಗ್ಯಾರಂಟಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವವರು ಧೈರ್ಯ ಮಾಡಬಹುದೇನೋ. ನಾನು ಬಿಟ್ಟೆ.

ಬ್ಯಾಟರಿ ಮತ್ತು ಮೆಕ್ಯಾನಿಕಲ್ ಎರಡೂ ಸೇರಿದ ಒಂದು ಜಾತಿಯಿದೆ, ಮೆಕಾಕ್ವಾರ್ಟ್ಜ್ ಅಂತಾರೆ. ಸೀಕೋದ ವಿಕೆ63, ವಿಕೆ64 ಮೆಷಿನ್‌ಗಳು ಇದಕ್ಕೆ ಹೆಸರುವಾಸಿ. ಟೈಮ್ ನಡೆಸುವುದು ಬ್ಯಾಟರಿ. ಸ್ಟಾಪ್‌ವಾಚಿನ ಮುಳ್ಳು ಸೆಕೆಂಡಿಗೆ ಐದು ಹೆಜ್ಜೆ ಹಾಕುತ್ತಾ ನಯವಾಗಿ ಓಡುತ್ತದೆ. ರಿಸೆಟ್ ಒತ್ತಿದರೆ ಮೆಕ್ಯಾನಿಕಲ್ ವಾಚಿನಂತೆಯೇ ಪಟ್ಟಂತ ಹನ್ನೆರಡಕ್ಕೆ ಬರುತ್ತದೆ. ನನ್ನ ಬಜೆಟ್ಟಿನ ಅರ್ಧಕ್ಕೇ ಸಿಗುತ್ತದೆ, ಸರಿಯಾದ ಟೈಮ್ ಕೊಡುತ್ತದೆ. ಕೆಲಸವೇ ಮುಖ್ಯ ಅನ್ನುವವರು ಇದನ್ನೇ ತೆಗೆದುಕೊಳ್ಳಿ ಅಂತ ನಾನು ಮನಸಾರೆ ಹೇಳುತ್ತೇನೆ. ನನಗೆ ಮಾತ್ರ ಕೀ ಕೊಡುವ ಮೆಷಿನ್ನೇ ಬೇಕು. ಅಪ್ಪನ ಎಚ್‌ಎಂಟಿ ಜನತಾಕ್ಕೆ ಈಗಲೂ ಬೆಳಗ್ಗೆ ಕೀ ಕೊಡುವುದು ನಾನೇ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿದ ಕಾರ್ಖಾನೆ ಅದು. 2016ರಲ್ಲಿ ವಾಚಿನ ಕಂಪನಿ ಮುಚ್ಚುವುದಕ್ಕೆ ಕೇಂದ್ರ ಸರ್ಕಾರ ಒಪ್ಪಿತು. ವಾಚುಗಳು ಇನ್ನೂ ಓಡುತ್ತಿವೆ.

ಎಸ್‌ಟಿ19 ನೋಡಿದ್ದು ಭಾವನ ಕೈಯಲ್ಲಿ. ಮೈಸೂರಿನಿಂದ ಅಕ್ಕನ ಜೊತೆ ಬಂದಿದ್ದರು. ಬಿಚ್ಚಿ ನನ್ನ ಅಂಗೈ ಮೇಲಿಟ್ಟು, ‘ತಿರುಗಿಸಿ ನೋಡೋ, ಮುಂದೆ ಇರೋದಕ್ಕಿಂತ ಹಿಂದೆ ಇರೋದು ಚೆಂದ’ ಅಂದರು. ಹಿಂಬದಿ ಗಾಜು. ಒಳಗೆ ಕಾಲಮ್ ವೀಲ್ ಅನ್ನುವ ಪುಟ್ಟ ಚಕ್ರ ಕಾಣಿಸುತ್ತದೆ, ಕೆಳಗೆ ಹಲ್ಲು, ಮೇಲೆ ಸಣ್ಣ ಕಂಬಗಳು, ಕೋಟೆಯ ಬುರುಜಿನ ಹಾಗೆ. ಬಟನ್ ಒತ್ತಿದಾಗ ಆ ಚಕ್ರ ಒಂದೇ ಒಂದು ಹಲ್ಲು ತಿರುಗಿತು. ಕಂಬದ ಮೇಲೆ ಕೂತಿದ್ದ ಲಿವರಿನ ಮೂತಿ ಎರಡು ಕಂಬಗಳ ಸಂದಿಗೆ ಜಾರಿತು. ಲಿವರಿನ ಆ ತುದಿಯಲ್ಲಿದ್ದ ಚಕ್ರ ವಾಲಿ ಬಂದು ನಡುವಿನ ಚಕ್ರಕ್ಕೆ ಹಲ್ಲು ಕಚ್ಚಿತು. ಮುಳ್ಳು ಹೊರಟಿತು. ಹಲ್ಲಿಗೆ ಹಲ್ಲು ಕೂಡುವಾಗ ಕೆಲವೊಮ್ಮೆ ಮುಳ್ಳು ಚೂರು ಹಾರಿದ ಹಾಗೆ ಕಾಣುತ್ತದೆ. ಈ ತರಹದ ಮೆಷಿನ್ನಿಗೆ ಅದು ಸಹಜ, ದೋಷ ಅಲ್ಲ.

ಈ ಮೆಷಿನ್ನಿನ ಮೂಲ ಸ್ವಿಟ್ಜರ್ಲೆಂಡಿನ ವೀನಸ್ 175. ಚೀನಾದ ವಾಯುಪಡೆಯ ಪೈಲಟ್‌ಗಳಿಗೆ ಕ್ರೋನೋಗ್ರಾಫ್ ಬೇಕಾಗಿ, 1961ರಲ್ಲಿ ತಿಯಾಂಜಿನ್ ವಾಚ್ ಕಾರ್ಖಾನೆಗೆ ಆ ಕೆಲಸ ಬಂತು. ವೀನಸ್‌ನ ಯಂತ್ರೋಪಕರಣಗಳನ್ನೇ ಕೊಂಡು ತಂದರು. ಆ ಕಾರ್ಖಾನೆಯೇ ಈಗಿನ ಸೀಗಲ್. ಆ ಹಳೆಯ ವಾಚಿನ ಮಾದರಿಯಲ್ಲೇ ಇವತ್ತು ಬರುವ ವಾಚುಗಳಿಗೆ ‘1963’ ಅನ್ನುವ ಹೆಸರು, ಹನ್ನೆರಡರ ಕೆಳಗೆ ಕೆಂಪು ನಕ್ಷತ್ರ. ಗಂಟೆಗೆ 21,600 ಬಡಿತ, ಅಂದರೆ ಸೆಕೆಂಡಿಗೆ 6. ಸೆಕೆಂಡಿನ ಆರನೇ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಇದು ಅಳೆಯಲಾರದು. 7750 ಆದರೆ ಎಂಟನೇ ಒಂದು ಭಾಗ. ನೂರು ಮೀಟರ್ ಓಟಕ್ಕೆ ಡಿಜಿಟಲ್ಲೇ ಬೇಕು, ಹಾಕಿಗೂ ಗುಡುಗಿಗೂ ಇದು ಧಾರಾಳ ಸಾಕು.

ಇದೇ ಮೆಷಿನ್ ಹಾಕಿ ಫ್ರಾನ್ಸಿನ ಬಾಲ್ಟಿಕ್‌ನಂಥ ಕಂಪನಿಗಳೂ ವಾಚು ಮಾಡಿವೆ, ಅವು ನನ್ನ ಕೈಗೆ ಸ್ವಲ್ಪ ಮೇಲೆ. ಚೀನಾದ ಮಾರಾಟಗಾರರಲ್ಲಿ ಹೆಚ್ಚುಕಡಿಮೆ 200 ಡಾಲರಿನಿಂದ ಶುರು. ಸುಂಕ ಅದರ ಮೇಲೆ. ವೆಬ್‌ಸೈಟಿನ ಬೆಲೆ ನೋಡಿ ಅಗ್ಗ ಅಂದುಕೊಂಡರೆ ಪಾರ್ಸೆಲ್ ಮನೆಗೆ ಬರುವ ದಿನ ಲೆಕ್ಕ ಬದಲಾಗುತ್ತದೆ. ಸುಂಕ ಎಷ್ಟಾಗುತ್ತದೆ ಅಂತ ಕೊರಿಯರಿನವರ ಹತ್ತಿರ ಮೊದಲೇ ಕೇಳಿಕೊಂಡೇ ಆರ್ಡರ್ ಮಾಡಬೇಕು.

ಶುಕ್ರವಾರ ಮಡಿಕೇರಿಗೆ ಹೋದಾಗ ಅಪ್ಪನ ಜನತಾ ಸರ್ವಿಸ್ ಮಾಡುವ ಯಜಮಾನರ ಹತ್ತಿರ ಕೂತು ಮಾತಾಡಿದೆ. ಭಾವನ ವಾಚಿನ ಹಿಂಬದಿಯ ಫೋಟೋ ತೋರಿಸಿದೆ. ಕಣ್ಣಿಗೆ ಲೆನ್ಸ್ ಹಾಕಿಕೊಂಡೇ ಫೋನ್ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದರು.

‘ಜನತಾ ಆದ್ರೆ ಕಣ್ಣು ಮುಚ್ಕೊಂಡು ಬಿಚ್ತೀನಿ ಮೇಷ್ಟ್ರೇ. ಕೆಳಗಿರೋ ಟೈಮಿನ ಭಾಗ ಇದ್ರಲ್ಲೂ ಹಂಗೇ ಇದೆ. ಮೇಲಿರೋ ಲಿವರ್‌ಗಳು ಬೇರೆ ಲೆಕ್ಕ. ಒಂದು ಕೂದಲೆಳೆ ಆಚೀಚೆ ಆದ್ರೆ ಮುಳ್ಳು ಹನ್ನೆರಡಕ್ಕೆ ಬಂದು ಕೂರಲ್ಲ.’

‘ಹಾಗಾದ್ರೆ ಯಾರ ಹತ್ರ ಕೊಡೋದು?’

‘ಬೆಂಗಳೂರಲ್ಲಿ ಕ್ರೋನೋಗ್ರಾಫ್ ಮಾಡೋರು ಇದ್ದಾರೆ, ನಂಬರ್ ಕೊಡ್ತೀನಿ. ವಾಚ್ ತಗೊಳೋಕೆ ಮುಂಚೆ ಅವ್ರನ್ನ ಕೇಳಿ. ಆಮೇಲೆ ಕೇಳೋದಲ್ಲ.’

ಕೇಳಿದೆ. ಎಸ್‌ಟಿ19ಕ್ಕೆ ಬಿಡಿಭಾಗ ತರಿಸಬಹುದು, ತೀರಾ ಹಾಳಾದರೆ ಇಡೀ ಮೆಷಿನ್ನೇ ಹೊಸದು ಹಾಕಬಹುದು ಅಂದರು. ನಾಲ್ಕೈದು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಎಣ್ಣೆ ಹಾಕಿಸಿ ಅಂದರು. ದರವನ್ನೂ ಹೇಳಿದರು. ಆ 5,000 ಬೇರೆ ತೆಗೆದಿಟ್ಟದ್ದು ಆಗಲೇ. ವಾಚಿನ ಬೆಲೆಯ ಜೊತೆ ಅದನ್ನು ಬಿಚ್ಚುವವರ ಕೂಲಿಯನ್ನೂ ಸೇರಿಸಿದರೆ ತಾನೇ ಬಜೆಟ್ಟು? ರಿಪೇರಿಗೆ ದುಡ್ಡಿಲ್ಲದೆ ಡ್ರಾಯರಿನಲ್ಲಿ ಸುಮ್ನೆ ಬಿದ್ದಿರುವ ಒಳ್ಳೊಳ್ಳೆ ವಾಚುಗಳನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಗಾತ್ರ 38 ಮಿಲಿಮೀಟರ್ ಸಾಕು, ನನ್ನ ಮಣಿಕಟ್ಟು ಸಣ್ಣದು. ಗಾಜಿಗೆ ಬದಲು ಅಕ್ರಿಲಿಕ್ ಪ್ಲಾಸ್ಟಿಕ್ ಇರುವುದನ್ನೇ ಆರಿಸಿದ್ದೇನೆ. ಭಾವನದು ಸಫೈರ್ ಅನ್ನುವ ಗಟ್ಟಿ ಗಾಜು, ಸುಲಭಕ್ಕೆ ಗೀರು ಬೀಳುವುದಿಲ್ಲ. ಆದರೆ ಮೈದಾನದಲ್ಲಿ ಏಟು ಬಿದ್ದರೆ ಅಕ್ರಿಲಿಕ್ ಚೂರುಚೂರಾಗುವುದಿಲ್ಲ, ಗೀರನ್ನು ಪಾಲಿಶ್ ಹಾಕಿ ಉಜ್ಜಿ ತೆಗೆಯಬಹುದು. ಚರ್ಮದ ಬೆಲ್ಟಿಗೆ ಇಲ್ಲಿ ಮಳೆಗಾಲದಲ್ಲಿ ಬೂಷ್ಟು ಬರುತ್ತದೆ, ನೈಲಾನ್ ಪಟ್ಟಿ ಹಾಕುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯಲ್ಲಿ ಕಟ್ಟುವ ಮಾತೇ ಇಲ್ಲ. ನೀರು ತಡೆಯುತ್ತದೆ, 30 ಮೀಟರ್ ಅಂತ ಬರೆದಿದ್ದರೂ ಅದು ಕೈ ತೊಳೆಯುವಾಗ ಬಿದ್ದ ಹನಿಗೆ ಮಾತ್ರ. ಒದ್ದೆಯಿದ್ದಾಗ ಬಟನ್ ಒತ್ತಬಾರದು, ನೀರು ಹೋಗುವ ದಾರಿಯೇ ಅದು. ಮಳೆ ದಿನಗಳಲ್ಲಿ ವಾಚು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಕೈಯಲ್ಲಿ ಶಾಲೆಯ ಪ್ಲಾಸ್ಟಿಕ್ ಡಿಜಿಟಲ್. ಇನ್ನೊಂದು, ಮುಳ್ಳು ಓಡುತ್ತಿರುವಾಗಲೇ ರಿಸೆಟ್ ಒತ್ತಬಾರದು. ಮೊದಲು ನಿಲ್ಲಿಸಿ, ಆಮೇಲೆ ರಿಸೆಟ್. ಮಕ್ಕಳ ಕೈಗೆ ಕೊಡುವಾಗ ಇದನ್ನು ಹೇಳಿಯೇ ಕೊಡಬೇಕು.

ಮಧ್ಯಾಹ್ನ ಮಾರಾಟಗಾರರಿಗೆ ಮೆಸೇಜ್ ಕಳಿಸಿದೆ. ನನಗೆ ಕಳಿಸುವ ಅದೇ ವಾಚಿನ ವಿಡಿಯೋ ಬೇಕು ಅಂತ ಕೇಳಿದ್ದೇನೆ. ಮುಳ್ಳು ಓಡಿಸಿ, 30 ನಿಮಿಷ ದಾಟಿಸಿ, ನಿಲ್ಲಿಸಿ, ರಿಸೆಟ್ ಮಾಡಿ ತೋರಿಸಬೇಕು. ಎರಡು ಮುಳ್ಳೂ ಸೊನ್ನೆಗೆ ಸರಿಯಾಗಿ ಬಂದು ನಿಲ್ಲಬೇಕು. ಸ್ಟಾಪ್‌ವಾಚ್ ಓಡುವಾಗ ಒಂಬತ್ತರ ಕಡೆಯ ಸಣ್ಣ ಸೆಕೆಂಡ್ ಮುಳ್ಳು ನಿಲ್ಲಬಾರದು. ವಾರಂಟಿ ಎಷ್ಟು ತಿಂಗಳು, ವಾಪಸ್ ಕಳಿಸಬೇಕಾದರೆ ಖರ್ಚು ಯಾರದು ಅಂತಲೂ ಕೇಳಿದ್ದೇನೆ. ಉತ್ತರ ಸರಿಯಿದ್ದರೆ ಈ ವಾರವೇ ಆರ್ಡರ್, ಭಾವನ ಮೈಸೂರಿನ ವಿಳಾಸಕ್ಕೆ. ಪಾರ್ಸೆಲ್ ಬಂದ ದಿನವೇ ಬಿಚ್ಚಿ ಒಂದು ವಾರ ಕಟ್ಟಿ ನೋಡಿ ಆಮೇಲೆ ಕೊಡುತ್ತೇನೆ ಅಂದಿದ್ದಾರೆ. ಒಪ್ಪಿಕೊಂಡಿದ್ದೇನೆ.