ಮುರಿದ ತುಂಡಿನ ಗಡ್ಡ

ಬಂಪರ್ ಬಿಚ್ಚಿದ ಮೆಕ್ಯಾನಿಕ್ ಒಂದು ಕಪ್ಪು ತುಂಡನ್ನು ಕೈಗಿಟ್ಟ. "ಪ್ಲಾಸ್ಟಿಕ್ ತಾನೇ ಸಾರ್, ಮುರಿಯದೆ ಇನ್ನೇನು" ಎಂದ.

ರೇಡಿಯೇಟರನ್ನೂ ಹೆಡ್‌ಲೈಟನ್ನೂ ಹೊತ್ತು ನಿಲ್ಲುವ ಚೌಕಟ್ಟಿನ ಮೂಲೆ ಅದು. ಹಿಂದೆ ಉಕ್ಕಿನ ತಗಡುಗಳನ್ನು ಬೆಸೆದು ಮಾಡುತ್ತಿದ್ದರು.

ಮುರಿದ ಅಂಚನ್ನು ಬೆಳಕಿಗೆ ಹಿಡಿದೆ. ಮೂರು ದಿನ ಬೋಳಿಸದ ಗಡ್ಡದ ಹಾಗೆ ಬಿಳಿ ಎಳೆಗಳು! ಬೆರಳು ಸವರಿದ್ದೇ ತಪ್ಪಾಯಿತು. ಒಂದು ಎಳೆ ಚುಚ್ಚಿಕೊಂಡು ಈಗಲೂ ಕೆರೆತ.

ಹಿಂಬದಿಯಲ್ಲಿ ಅಚ್ಚೊತ್ತಿದ ಗುರುತು: ಪಿಪಿ-ಎಲ್‌ಜಿಎಫ್30. ಅಂದರೆ ಪಾಲಿಪ್ರೊಪಿಲೀನ್, ಅದರಲ್ಲಿ ತೂಕದ ನೂರಕ್ಕೆ 30 ಪಾಲು ಉದ್ದನೆಯ ಗಾಜಿನ ನಾರು. ನಮ್ಮ ಬಕೆಟ್ಟಿನ ಪ್ಲಾಸ್ಟಿಕ್ಕೇ, ಒಳಗೆ ಎಳೆ ಸೇರಿದೆ. ಸಾಂದ್ರತೆ ಉಕ್ಕಿನ ಏಳನೇ ಒಂದು ಪಾಲು.

ಬಲದ ಗುಟ್ಟಿರುವುದು ನಾರಿನ ಉದ್ದದಲ್ಲಿ. ಅಚ್ಚಿನ ಯಂತ್ರಕ್ಕೆ ಸುರಿಯುವ ಪ್ಲಾಸ್ಟಿಕ್ ಕಾಳು ಸುಮಾರು 10 ಮಿಲಿಮೀಟರ್, ಅದರೊಳಗಿನ ನಾರೂ ಅಷ್ಟೇ ಉದ್ದ. ಕಾಳನ್ನು ಕರಗಿಸಿ ಮುಂದೆ ತಳ್ಳುವ ಯಂತ್ರದ ಸ್ಕ್ರೂ ಒರಟಾಗಿ ಅರೆದರೆ ನಾರು ನುಚ್ಚುನೂರು, ಖರ್ಚೆಲ್ಲ ದಂಡ. ಮೆಲ್ಲಗೆ ಕರಗಿಸಬೇಕು.

ಇಂಥ ತುಂಡನ್ನು ಕುಲುಮೆಯಲ್ಲಿಟ್ಟು ಪ್ಲಾಸ್ಟಿಕ್ಕನ್ನೆಲ್ಲ ಸುಟ್ಟುಬಿಟ್ಟರೂ, ನಾರುಗಳು ಒಂದಕ್ಕೊಂದು ಹೆಣೆದುಕೊಂಡು ಅದೇ ಆಕಾರದಲ್ಲಿ ನಿಂತಿರುತ್ತವೆ. ಅದನ್ನೊಮ್ಮೆ ಕಣ್ಣಾರೆ ನೋಡುವ ಆಸೆ.

ಬಾಗಿಲಿನ ಒಳಮೈ, ಡ್ಯಾಶ್‌ಬೋರ್ಡಿನ ಬೆನ್ನೆಲುಬು, ಎಲ್ಲೆಲ್ಲೂ ಈಗ ಇದೇ ವಸ್ತು ನುಗ್ಗುತ್ತಿದೆ. ಕಾರು ಹಗುರಾಗುತ್ತದೆ, ಒಪ್ಪಿದೆ. ಆದರೆ ತಗಡಾಗಿದ್ದರೆ ಬಗ್ಗುತ್ತಿತ್ತು, ಸುತ್ತಿಗೆಯಲ್ಲಿ ತಟ್ಟಿ ಸರಿಪಡಿಸಬಹುದಿತ್ತು. ಇದನ್ನು ಇಡಿಯಾಗಿ ಬದಲಿಸಬೇಕಂತೆ. ನನ್ನ ತಕರಾರು ಅಲ್ಲಿದೆ.

ತುಂಡನ್ನು ಮಾತ್ರ ಎಸೆಯಲಿಲ್ಲ. ಮೇಜಿನ ಮೇಲೆ ಕೂತಿದೆ, ಗಡ್ಡ ಬಿಟ್ಟುಕೊಂಡು.